ಕರಿ ಪರದೆಯಲ್ಲಿ ಮಾವನವರನ್ನು ಹುಡುಕಿದ ರಾತ್ರಿ



ಸೌಟು ಹಿಡಿಯುವ ಕೈ ಕಂಪ್ಯೂಟರಿನ ಬಗ್ಗೆ ಬರೆಯಲು ಹೊರಟಿದೆಯೆಂದು ನಗಬೇಡಿ. ನಿಮ್ಮಲ್ಲಿ ಹಲವರು ಮಲಾಡಿನ ಮೈಂಡ್‌ಸ್ಪೇಸಿನಲ್ಲೋ ಐರೋಲಿಯಲ್ಲೋ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವರು. ನಾನು ಬರೆಯುವುದರಲ್ಲಿ ಅರ್ಧ ನಿಮಗೆ ಗೊತ್ತೇ ಇರಬಹುದು. ಉಳಿದರ್ಧ ಗೊತ್ತಿರಲಾರದು, ಏಕೆಂದರೆ ಅದು ಕನ್ನಡಕ್ಕೆ ಸಂಬಂಧಿಸಿದ್ದು.

ನಮ್ಮ ಕಾಂದಿವಲಿಯ ಮನೆಯ ಹಾಲಿನ ಮೂಲೆಯಲ್ಲಿ 2012ರಲ್ಲಿ ಕೊಂಡ ಒಂದು ಕಂಪ್ಯೂಟರ್ ಇದೆ. 2020ರ ಜನವರಿಯಲ್ಲಿ ಮೈಕ್ರೋಸಾಫ್ಟ್‌ನವರು ವಿಂಡೋಸ್ 7ಕ್ಕೆ ಬೆಂಬಲ ನಿಲ್ಲಿಸಿದಾಗ ನನ್ನವರು "ಭಂಗಾರಿಗೆ ಹಾಕೋಣ" ಎಂದರು. ಮಗ ಒಪ್ಪಲಿಲ್ಲ, ಅದಕ್ಕೆ ಲಿನಕ್ಸ್ ಹಾಕಿ ನನಗೆ ಕೊಟ್ಟ. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ, ಕಾಸು ಕೊಡದೆ ಸಿಗುವ ವ್ಯವಸ್ಥೆ ಅದು.

ಅದೇ ವರ್ಷ ಲಾಕ್‌ಡೌನ್ ಬಂತು. ಮನೆಯಿಂದ ಹೊರಗೆ ಕಾಲಿಡುವಂತಿಲ್ಲ, ಮಾವನವರಿಗೆ ಹೊತ್ತು ಹೋಗುವುದಿಲ್ಲ. "ನೀವು ಹೇಳಿ, ನಾನು ಟೈಪು ಮಾಡುತ್ತೇನೆ" ಎಂದೆ. ಹೀಗೆ ಶುರುವಾಯಿತು ಅವರ ನೆನಪುಗಳ ಬರವಣಿಗೆ. 1962ರಲ್ಲಿ ಕುಂದಾಪುರದ ಕಡೆಯ ಹಳ್ಳಿಯಿಂದ ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ರೈಲು ಹಿಡಿದು ಬಂದದ್ದು. ಹಗಲಲ್ಲಿ ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸಿ ಸಂಜೆ ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದದ್ದು. ಕೂತಲ್ಲೇ ತೂಕಡಿಸಿದರೆ ಮಾಸ್ತರರು ಬೈಯದೆ ನೀರು ತರಿಸಿ ಮುಖ ತೊಳೆಸುತ್ತಿದ್ದದ್ದು. ಎರಡು ವರ್ಷ ಬಿಟ್ಟು ಬಿಟ್ಟು ಹೇಳಿದರು. 2022ರಲ್ಲಿ ತೀರಿಕೊಂಡರು. ಕೊನೆಯ ಭಾಗ ನನ್ನ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡಂತೆ ಉಳಿದಿತ್ತು, ಅದನ್ನೂ ನಿಧಾನವಾಗಿ ಸೇರಿಸುತ್ತಿದ್ದೆ.

2024ರ ಜುಲೈಯ ಒಂದು ರಾತ್ರಿ, ಹೊರಗೆ ಧೋ ಎಂದು ಮಳೆ. ಒಂದು ಪುಟ ಟೈಪು ಮಾಡಿ 'ಸೇವ್' ಒತ್ತಿದೆ. ಏನೋ ತಪ್ಪಾಗಿದೆ ಎಂಬ ಸೂಚನೆ ಬಂತು, ನಾನು ಅದನ್ನು ಸರಿಯಾಗಿ ಓದದೆ ಮುಚ್ಚಿದೆ (ನೀವೂ ಹಾಗೇ ಮಾಡುತ್ತೀರಿ, ಗೊತ್ತು). ಕಂಪ್ಯೂಟರ್ ಜಡವಾಯಿತು. ಆರಿಸಿ ಹಚ್ಚಿದರೆ ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಪರದೆ ಒಮ್ಮೆ ಮಿಟುಕಿ ಮತ್ತೆ ಪಾಸ್‌ವರ್ಡನ್ನೇ ಕೇಳಿತು. ಐದು ಸಲ ಕೊಟ್ಟರೂ ಅದೇ. ಬಾಗಿಲು ತೆರೆದು, ಮುಖ ನೋಡಿ, ಮತ್ತೆ ಚಿಲಕ ಹಾಕಿಕೊಳ್ಳುವ ನೆರೆಮನೆಯವರ ಹಾಗೆ.

ಮಗ ಬಂದ. ಕಂಟ್ರೋಲ್, ಆಲ್ಟ್, ಎಫ್‌3 ಮೂರನ್ನೂ ಒಟ್ಟಿಗೆ ಒತ್ತಿದ. ಬಣ್ಣದ ಚಿತ್ರ, ಐಕಾನ್, ಮೌಸಿನ ಬಾಣ ಎಲ್ಲ ಮಾಯವಾಗಿ ಕಪ್ಪು ಪರದೆ, ಅದರ ಮೇಲೆ ಒಂದೇ ಸಾಲು: 'ಲಾಗಿನ್'. ಇದಕ್ಕೆ ಕನ್ಸೋಲ್ ಎನ್ನುತ್ತಾರೆ. ಪಾಸ್‌ವರ್ಡ್ ಟೈಪು ಮಾಡುವಾಗ ಇಲ್ಲಿ ಚುಕ್ಕಿ ನಕ್ಷತ್ರ ಕೂಡ ಮೂಡುವುದಿಲ್ಲ. ಕೀಲಿಮಣೆಯೂ ಸತ್ತಿತೆಂದೇ ನಾನು ತಿಳಿದೆ.

ನನ್ನವರು ಇಣುಕಿ ನೋಡಿ, "ಅರೇ, ಇದು ನಮ್ಮ ಬ್ಯಾಂಕಿನ ಮೆಷೀನು!" ಎಂದರು. 1990ರ ದಶಕದಲ್ಲಿ ಅವರ ಶಾಖೆಗೆ ಕಂಪ್ಯೂಟರ್ ಬಂದಾಗ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳೇ ಇದ್ದದ್ದು, ಮೌಸೆಂಬುದನ್ನು ಅವರು ಕಂಡದ್ದು ಆಮೇಲೆ. ಆಗಿನ ಕಂಪ್ಯೂಟರಿಗೆ ಇದೇ ಮುಖ. ಚಿತ್ರದ ಪರದೆ ನಂತರ ಹೊದಿಸಿದ ಶಾಲು. ಲಿನಕ್ಸಿನಲ್ಲಿ ಇಂದಿಗೂ ಶಾಲು ಬೇರೆ, ಮೈ ಬೇರೆ. ಶಾಲು ಹರಿದರೂ ಮೈ ನೆಟ್ಟಗಿರುತ್ತದೆ. ನಿಮ್ಮ ಕಂಪೆನಿಗಳ ದೊಡ್ಡ ಸರ್ವರುಗಳು ಹೆಚ್ಚಾಗಿ ಶಾಲನ್ನೇ ಹೊದೆಯುವುದಿಲ್ಲವಂತೆ.

ಕನ್ಸೋಲಿನ ಗುಣ ನನಗೆ ಹಿಡಿಸಿತು. ಹೇಳಿದ ಕೆಲಸ ಸರಿಯಾಗಿ ಆದರೆ ಹೆಚ್ಚಾಗಿ ಅದು ತುಟಿ ಬಿಚ್ಚುವುದಿಲ್ಲ. ತಪ್ಪಾದರೆ ಮಾತ್ರ ಮಾತು. ನಮ್ಮ ಮನೆಯ ಗಂಡಸರು ಊಟಕ್ಕೆ ಕುಳಿತಂತೆಯೇ. ಸಾರು ಚೆನ್ನಾಗಿದ್ದರೆ ಮೌನ, ಉಪ್ಪು ಹೆಚ್ಚಾದರೆ ಭಾಷಣ.

ಮಗ 'ಡಿಎಫ್' ಎಂದು ಟೈಪು ಮಾಡಿದ. ಡಿಸ್ಕು ನೂರಕ್ಕೆ ನೂರು ತುಂಬಿತ್ತು. ಚಿತ್ರದ ಪರದೆ ಏಳಬೇಕಾದರೆ ಒಂದಿಷ್ಟು ಚಿಕ್ಕಪುಟ್ಟ ಕಡತ ಬರೆದುಕೊಳ್ಳಬೇಕು. ಅದಕ್ಕೂ ಜಾಗವಿಲ್ಲದೆ ಬಿದ್ದುಹೋಗುತ್ತಿತ್ತು. ಕನ್ಸೋಲಿಗೆ ಅಂಥ ಅಗತ್ಯ ಕಡಿಮೆ, ಅದಕ್ಕೇ ಎದ್ದಿತು. ಆಮೇಲೆ 'ಎಲ್‌ಎಸ್' ಎಂದು ಕೊಟ್ಟು ಕಡತಗಳ ಪಟ್ಟಿಯನ್ನು ಗಾತ್ರದೊಂದಿಗೆ ತೆಗೆದ. ಮಾವನವರ ನೆನಪಿನ ಕಡತದ ಮುಂದೆ ಇದ್ದ ಗಾತ್ರ: ಸೊನ್ನೆ.

ತುಂಬಿದ ಡಿಸ್ಕಿನ ಮೇಲೆ ಸೇವ್ ಒತ್ತಿದರೆ ಹೀಗೂ ಆಗಬಹುದಂತೆ. ಹಳೆಯದನ್ನು ಅಳಿಸಿ ಹೊಸದನ್ನು ಬರೆಯಲು ಹೊರಟ ಯಂತ್ರಕ್ಕೆ ಬರೆಯಲು ಜಾಗ ಸಿಗಲಿಲ್ಲ. ನನ್ನ ಕೈಕಾಲು ತಣ್ಣಗಾಯಿತು. ಒಳಕೋಣೆಯಲ್ಲಿ ಮಲಗಿದ್ದ ಅತ್ತೆಗೆ ಏನೆಂದು ಹೇಳಲಿ?

"ಅಮ್ಮ, ಇದು ಯಾವುದು?" ಎಂದ ಮಗ. ಪಟ್ಟಿಯಲ್ಲಿ ಅದೇ ಹೆಸರಿನ ಇನ್ನೊಂದು ಕಡತ, ಹೆಸರಿನ ಕೊನೆಗೆ ಅಲೆಯಂತಹ ಒಂದು ಗೆರೆ. ಹಿಂದಿನ ಸಲ ಸೇವ್ ಮಾಡುವಾಗ ಟೈಪು ಮಾಡುವ ತಂತ್ರಾಂಶವೇ ಎತ್ತಿಟ್ಟ ಪ್ರತಿ ಅದು. ಚಿತ್ರದ ಪರದೆಯಲ್ಲಿ ಇಂಥವನ್ನು ಬೇಡದ ವಸ್ತುವೆಂದು ಬಚ್ಚಿಡುತ್ತಾರೆ. ನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ. ಕನ್ಸೋಲ್ ಬಚ್ಚಿಡಲಿಲ್ಲ. ಗಾತ್ರ ಒಂದು ಲಕ್ಷ ತೊಂಬತ್ತು ಸಾವಿರ ಬೈಟಿನ ಮೇಲೆ.

"ತೆಗೆ, ತೆಗೆ!" ಎಂದೆ. ತೆಗೆದ. ಪರದೆಯ ತುಂಬ ಚೌಕ, ಚೌಕ, ಚೌಕ. ಒಂದಕ್ಷರ ಕನ್ನಡವಿಲ್ಲ.

ಆ ಗಳಿಗೆಯನ್ನು ಸ್ವಲ್ಪ ಯೋಚಿಸಿ ನೋಡಿ. ನನಗೆ ಕನ್ನಡ ಓದಲು ಬರುತ್ತದೆ, ಪರದೆಗೆ ತೋರಿಸಲು ಬರುವುದಿಲ್ಲ. ಪರದೆ ತೋರಿಸಿದ್ದರೂ ಮಗನಿಗೆ ಓದಲು ಬರುವುದಿಲ್ಲ. ಅವನು ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ ಕಲಿತವನು, ನಿಮ್ಮ ಹಾಗೆಯೇ. ಆ ಚೌಕಗಳು ಮಾವನವರೋ, ನಾನು ಬರೆದಿಟ್ಟ ಉಪ್ಪಿನಕಾಯಿಯ ಅಳತೆಯೋ ಎಂದು ಹೇಳಬಲ್ಲವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ.

ಕನ್ಸೋಲಿಗೆ ಕನ್ನಡ ಏಕೆ ಬಾರದು? ಈ ಪರದೆಯನ್ನು ಚೌಕುಳಿ ಕಾಗದದ ಹಾಗೆ ಕೋಣೆಗಳಾಗಿ ಹಂಚಲಾಗಿದೆ. ಹಳೆಯ ಲೆಕ್ಕದಲ್ಲಿ ಅಡ್ಡಕ್ಕೆ 80, ಉದ್ದಕ್ಕೆ 25. ಒಂದು ಕೋಣೆಗೆ ಒಂದಕ್ಷರ, ಪಕ್ಕದ ಕೋಣೆಯ ಗೊಡವೆ ಬೇಡ. ಇಂಗ್ಲಿಷ್ ಅಕ್ಷರಗಳು ಹಾಗೆ ಒಂಟಿಯಾಗಿ ನಿಲ್ಲಬಲ್ಲವು. ನಮ್ಮವು ಕೂಡುಕುಟುಂಬದವು. ಒತ್ತು ಕೆಳಗೆ ಇಳಿಯಬೇಕು, ಗುಡಿಸು ತಲೆಯ ಮೇಲೆ ಏರಬೇಕು, ದೀರ್ಘ ಬಲಕ್ಕೆ ಚಾಚಬೇಕು. ಸಾಲದ್ದಕ್ಕೆ ಲಿನಕ್ಸ್ ಕನ್ಸೋಲಿನ ಅಕ್ಷರಪೆಟ್ಟಿಗೆಯಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಜಾಗ. ನಮ್ಮ 34 ವ್ಯಂಜನಗಳಿಗೆ ಒಂದೊಂದಕ್ಕೆ ಹನ್ನೆರಡು ಗುಣಿತ ಎಂದರೂ ನಾನೂರು ದಾಟಿತು. ಒತ್ತಕ್ಷರದ ಸಂಸಾರ ಇನ್ನೂ ಬಾಗಿಲಲ್ಲೇ ನಿಂತಿದೆ.

ಆದರೆ ಚೌಕ ಕಂಡಿತೆಂದು ಅಕ್ಷರ ಅಳಿದಿಲ್ಲ. ಮಗ ಖಾಲಿ ಕಾಗದದಲ್ಲಿ ಬರೆದು ತೋರಿಸಿದ. ನಾನು 'ಕನ್ನಡ' ಎಂದು ಟೈಪು ಮಾಡಲು ಕೆ.ಪಿ. ರಾವ್ ರೂಪಿಸಿದ ಕೀಲಿವಿನ್ಯಾಸದಲ್ಲಿ ಐದು ಕೀಲಿ ಒತ್ತುತ್ತೇನೆ: ಕ, ನ, ಒತ್ತು ಹಾಕುವ ಕೀಲಿ, ಮತ್ತೆ ನ, ಡ. ಯುನಿಕೋಡಿನಲ್ಲೂ ಅದು ಐದೇ ಸಂಕೇತ, ಒಂದೊಂದಕ್ಕೆ ಮೂರು ಬೈಟು, ಒಟ್ಟು ಹದಿನೈದು. ಆ ಹದಿನೈದು ಬೈಟು ಡಿಸ್ಕಿನಲ್ಲಿ ಇದ್ದರೆ ಕನ್ನಡ ಇದೆ, ಪರದೆ ಏನು ಬೇಕಾದರೂ ತೋರಿಸಲಿ.

"ಹಾಗಾದರೆ ಒಳಗಿರುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ತೋರಿಸಲು ಆಗದೇ?" ಎಂದೆ. ಬಿ.ಎ. ಇಂಗ್ಲಿಷ್ ಓದಿದ್ದು ಆ ರಾತ್ರಿ ಅಷ್ಟಕ್ಕೆ ಉಪಯೋಗಕ್ಕೆ ಬಂತು. ಅವನು ಅಲ್ಲೇ ಕುಳಿತು ಪೈಥಾನಿನಲ್ಲಿ ಒಂದು ಪುಟ್ಟ ಪ್ರೋಗ್ರಾಮ್ ಬರೆದ. ನಾನು ಒಂದೊಂದೇ ಅಕ್ಷರ ಹೇಳುತ್ತಾ ಹೋದೆ, ಅವನು ಎದುರಿಗೆ ಇಂಗ್ಲಿಷ್ ಅಕ್ಷರ ಇಡುತ್ತಾ ಹೋದ. ಅರ್ಧ ಗಂಟೆ ಬೇಕಾಯಿತು. ಆಮೇಲೆ ಓಡಿಸಿದರೆ, ಕರಿ ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಸಾಲು ಸಾಲಾಗಿ ಮಾತು ಇಳಿಯಿತು. ಮಗ ಜೋರಾಗಿ ಓದಿದ:

"ನಾನು ನಮ್ಮ ಹಲ್ಲಿಯಿಂದ ಹೊರಟೆ..."

"ಹಲ್ಲಿ ಅಲ್ಲ ಮಾಣಿ, ಹಳ್ಳಿ!" ಒಳಕೋಣೆಯಿಂದ ಅತ್ತೆಯ ದನಿ. ನಿದ್ದೆಹೋಗಿದ್ದಾರೆಂದು ನಾವು ತಿಳಿದಿದ್ದೆವು. ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕುಳಿತರು. "ಮುಂದೆ ಓದು" ಎಂದರು. ಮೊಮ್ಮಗ ಅಜ್ಜನ ಮಾತನ್ನು ಎಡವುತ್ತಾ ಓದಿದ, ಅಜ್ಜಿ ತಿದ್ದಿದರು, ಮಾಸ್ತರರು ಮುಖ ತೊಳೆಸುವ ಭಾಗದವರೆಗೆ. ಕಳೆದದ್ದು ಆ ದಿನ ಟೈಪು ಮಾಡಿದ ಒಂದು ಪುಟ ಮಾತ್ರ. ಅದು ನೋಟ್‌ಬುಕ್ಕಿನಲ್ಲಿತ್ತು.

ಆಮೇಲೆ ನನಗೊಂದು ಕುತೂಹಲ ಹತ್ತಿತು. ಎಲ್ಲರ ಕಂಪ್ಯೂಟರೂ ಕಪ್ಪು ಪರದೆಯೇ ಆಗಿದ್ದ ಡಾಸ್ ಕಾಲದಲ್ಲಿ ಕನ್ನಡದವರು ಏನು ಮಾಡುತ್ತಿದ್ದರು? ಕೇಳಿ ಓದಿ ತಿಳಿದೆ. ಕಾನ್ಪುರದ ಐಐಟಿಯಲ್ಲಿ ಮೋಹನ್ ತಾಂಬೆ ಮೊದಲಾದವರು 1980ರ ದಶಕದಲ್ಲಿ ಇದಕ್ಕೆ ಉಪಾಯ ಹುಡುಕಿದರು. ಆ ಕೆಲಸ ಪುಣೆಯ ಸಿ-ಡ್ಯಾಕ್‌ನಲ್ಲಿ 'ಜಿಸ್ಟ್' ಎಂಬ ಹೆಸರಲ್ಲಿ ಮುಂದುವರಿಯಿತು. ಕಂಪ್ಯೂಟರಿನ ಒಳಗೆ ಒಂದು ಕಾರ್ಡು ಸಿಕ್ಕಿಸಿದರೆ ಅದೇ ಡಾಸ್ ಪರದೆಯ ಮೇಲೆ ಭಾರತದ ಲಿಪಿಗಳು ಮೂಡುತ್ತಿದ್ದವು. ಇಂಗ್ಲಿಷಿಗಾಗಿ ಮಾಡಿದ ಕೋಣೆಗಳಲ್ಲಿ ನಮ್ಮ ಕೂಡುಕುಟುಂಬವನ್ನು ಕೂರಿಸಿದ್ದು ಆ ಕಾರ್ಡು. ವಿಂಡೋಸ್ ಬಂದ ಮೇಲೆ ಅದರ ಅಗತ್ಯ ತಪ್ಪಿತು. ನಮ್ಮ ಜುಹುವಿನಲ್ಲೇ ಇರುವ, ಹಿಂದೆ ಎನ್‌ಸಿಎಸ್‌ಟಿ ಎನ್ನುತ್ತಿದ್ದ, ಈಗ ಸಿ-ಡ್ಯಾಕ್‌ನ ಮುಂಬಯಿ ಕೇಂದ್ರವಾಗಿರುವ ಸಂಸ್ಥೆಯವರು 'ಇಂಡಿಕ್ಸ್' ಎಂಬ ಯೋಜನೆಯಲ್ಲಿ ಲಿನಕ್ಸಿಗೆ ಭಾರತೀಯ ಭಾಷೆ ತಂದರು, ಆದರೆ ಚಿತ್ರದ ಪರದೆಗೆ. ಕರಿ ಪರದೆಯ ಕಡೆ ಕನ್ನಡದ ಕೆಲಸ ಹಿಂದೆಯೇ ಉಳಿಯಿತು.

ಜಿಸ್ಟ್‌ನವರ ಇನ್ನೊಂದು ಚಾತುರ್ಯ ನಿಮಗೆ ನೇರವಾಗಿ ಸಂಬಂಧಿಸಿದ್ದು. 1991ರಲ್ಲಿ ಭಾರತೀಯ ಮಾನಕವಾದ 'ಇಸ್ಕಿ' ಸಂಕೇತದಲ್ಲಿ ಕನ್ನಡದ 'ಕ'ಕ್ಕೂ ದೇವನಾಗರಿಯ 'ಕ'ಕ್ಕೂ ಒಂದೇ ಸಂಖ್ಯೆ. ಒಮ್ಮೆ ಟೈಪು ಮಾಡಿದ್ದನ್ನು ಬೇಕಾದ ಲಿಪಿಯಲ್ಲಿ ನೋಡಬಹುದಿತ್ತು. ಯುನಿಕೋಡಿನಲ್ಲಿ ಲಿಪಿಗಳು ಬೇರೆ ಮನೆ ಮಾಡಿದರೂ ಕೋಣೆಗಳ ಸಾಲು ಅದೇ ಉಳಿಯಿತು. ದೇವನಾಗರಿಯ 'ಕ' 2325ನೆಯದು, ಕನ್ನಡದ 'ಕ' 3221ನೆಯದು. ವ್ಯತ್ಯಾಸ 896. 'ಮ'ಕ್ಕೂ ಅಷ್ಟೇ, 'ಳ'ಕ್ಕೂ ಅಷ್ಟೇ. ಕನ್ನಡ ಅಕ್ಷರದಿಂದ 896 ಕಳೆದರೆ ನೀವು ಶಾಲೆಯಲ್ಲಿ ಕಲಿತ ಅಕ್ಷರ!

ಮಗ ಹಾಗೆಯೇ ಕಳೆದು ಅಜ್ಜನ ಪುಸ್ತಕವನ್ನು ದೇವನಾಗರಿಯಲ್ಲಿ ಮುದ್ರಿಸಿಕೊಂಡ. ಮರಾಠಿಯಲ್ಲಿ 'ಳ' ಇದೆಯಲ್ಲ, ಹಳ್ಳಿ ಹಳ್ಳಿಯಾಗಿಯೇ ಉಳಿಯಿತು. 'ಎ', 'ಒ' ಹ್ರಸ್ವಗಳಿಗೆ ಬಂದ ಅಕ್ಷರ ಅವನು ಕಂಡದ್ದಲ್ಲ, ಅಲ್ಲಲ್ಲಿ ಎಡವುತ್ತಾನೆ. ನನಗೆ ಇದರಲ್ಲಿ ಪೂರ್ತಿ ಸಂತೋಷವಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಕನ್ನಡವನ್ನು ಬೇರೆಯವರ ಸೀರೆಯಲ್ಲಿ ಕಂಡಂತಾಗುತ್ತದೆ. ಅತ್ತೆ ಮಾತ್ರ "ಅವರು ಹೇಳಿದ್ದು ಇವನಿಗೆ ಕೇಳಿತಲ್ಲ, ಸಾಕು" ಎಂದರು. ರಾತ್ರಿಶಾಲೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಅಕ್ಷರ ಕಲಿತ ಮಾವನವರು ಏನೆನ್ನುತ್ತಿದ್ದರೋ.

ಈಗ ಆ ಕಂಪ್ಯೂಟರ್ ಹಚ್ಚಿದರೆ ಚಿತ್ರದ ಪರದೆ ತಾನಾಗಿ ಬರುವುದಿಲ್ಲ. ಎರಡೇ ಜಿಬಿ ಮೆಮೊರಿಯ ಮುದಿಯಂತ್ರಕ್ಕೆ ಅಷ್ಟು ಭಾರ ಬೇಡವೆಂದು ಮಗ ಅದನ್ನು ಕನ್ಸೋಲಿಗೇ ಏಳುವಂತೆ ಮಾಡಿದ್ದಾನೆ. ಮಾಡುವ ಆಜ್ಞೆ ಹೀಗೆ: 'ಸಿಸ್ಟಮ್‌ಸಿಟಿಎಲ್ ಸೆಟ್-ಡಿಫಾಲ್ಟ್ ಮಲ್ಟಿ-ಯೂಸರ್.ಟಾರ್ಗೆಟ್'. ಕನ್ನಡದಲ್ಲಿ ಟೈಪು ಮಾಡಬೇಡಿ, ಅದಕ್ಕೆ ತಿಳಿಯುವುದಿಲ್ಲ! ಮೊದಲಿನಂತಾಗಲು ಕೊನೆಯಲ್ಲಿ 'ಗ್ರಾಫಿಕಲ್.ಟಾರ್ಗೆಟ್' ಎನ್ನಬೇಕು. ಬೆಳಿಗ್ಗೆ ಹಚ್ಚಿ, ಡಿಸ್ಕಿನಲ್ಲಿ ಜಾಗವೆಷ್ಟಿದೆ ನೋಡಿ, ಕಡತಗಳನ್ನು ಪೆನ್‌ಡ್ರೈವಿಗೆ ನಕಲಿಸಿ, ಕನ್ನಡ ಬರೆಯಬೇಕಾದಾಗ ಮಾತ್ರ 'ಸ್ಟಾರ್ಟ್‌ಎಕ್ಸ್' ಎನ್ನುತ್ತೇನೆ. ಶಾಲು ಬರುತ್ತದೆ.

ಇನ್ನೊಂದು ಕೆಲಸ ಬಾಕಿ ಇದೆ. ನಮ್ಮ ಸಂಘದ ಕಪಾಟಿನಲ್ಲಿ ಹಳೆಯ ಸ್ಮರಣಸಂಚಿಕೆಗಳ ಫ್ಲಾಪಿ, ಸಿಡಿಗಳ ಒಂದು ಡಬ್ಬಿ ಸಿಕ್ಕಿದೆ. ಅವು ಯುನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಟೈಪು ಮಾಡಿದವು. ತೆರೆದರೆ ಚೌಕವೂ ಇಲ್ಲ. ಇಂಗ್ಲಿಷ್ ಅಕ್ಷರ, ಪೌಂಡಿನ ಚಿಹ್ನೆ, ತಲೆಯ ಮೇಲೆ ಗೀಟು ಎಳೆದ 'ಎ'ಗಳ ಸಂತೆ. ಅಲ್ಲಿ 896 ಕಳೆದರೆ ನಡೆಯದು. ಯಾವ ಫಾಂಟೆಂದು ಗುರುತಿಸಿ ಅದರದೇ ಪರಿವರ್ತಕದಲ್ಲಿ ಹಾಯಿಸಬೇಕು, ಆಮೇಲೆ ಕನ್ನಡ ಓದಬಲ್ಲವರು ಕೂತು ತಿದ್ದಬೇಕು. ಓದಲು ನಾವು ನಾಲ್ಕು ಜನ ಹೆಂಗಸರಿದ್ದೇವೆ. ಫ್ಲಾಪಿ ಓದುವ ಯಂತ್ರ ಮತ್ತು ಅದನ್ನು ನಡೆಸಬಲ್ಲ ಒಬ್ಬರೋ ಇಬ್ಬರೋ ಬೇಕು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಕೋಣೆ ತೆರೆದಿರುತ್ತದೆ. ಚಹಾ ಮತ್ತು ನೀರುದೋಸೆ ನನ್ನದು.