ಕಾಫಿ ವ್ಯಾಪಾರದಲ್ಲಿ ಸಹಕಾರ ತತ್ತ್ವ : ನಿಟ್ಟೆ ಸೀಮೆಯ ಭೂಮಾಲೀಕರಿಗೆ ಕೆಲವು ಸೂಚನೆಗಳು

ಕಾಫಿಯ ಲಾಭದಲ್ಲಿ ಬೆಳೆಗಾರನಿಗೂ ಹಣ್ಣು ಕೊಯ್ಯುವ ಕೂಲಿಯಾಳಿಗೂ ನ್ಯಾಯವಾದ ಪಾಲು ದೊರೆಯುವಂತೆ ಒಂದು ಕಂಪನಿಯನ್ನು ಸ್ಥಾಪಿಸಬೇಕೆಂಬುದು ಸ್ತುತ್ಯವಾದ ಉದ್ದೇಶವೇ ಸರಿ. ಆದರೆ ಉದ್ದೇಶವು ಎಷ್ಟು ಒಳ್ಳೆಯದಾದರೂ ಲೆಕ್ಕವು ಸರಿಯಾಗಿರದಿದ್ದರೆ ಮೂಲಧನವೇ ನಷ್ಟವಾಗುವುದು. ಆದಕಾರಣ ಕಾರ್ಕಳ ತಾಲ್ಲೂಕಿನ ನಿಟ್ಟೆ ಮೊದಲಾದ ಗ್ರಾಮಗಳ ಮುಖ್ಯಸ್ಥರೂ ಭೂಮಾಲೀಕರೂ ಇಂಥ ಕಾರ್ಯಕ್ಕೆ ಕೈಹಾಕುವ ಮೊದಲು ಗಮನಿಸತಕ್ಕ ವಿಷಯಗಳನ್ನು ಇಲ್ಲಿ ವಿವರಿಸಿದೆ.

1. ಕಾಫಿಯ ತವರು

ಕಾಫಿ ಗಿಡದ ತವರು ಇಥಿಯೋಪಿಯಾ, ಎಂದರೆ ಹಿಂದೆ ಅಬಿಸೀನಿಯಾ ಎಂದು ಕರೆಯಲ್ಪಡುತ್ತಿದ್ದ ದೇಶ. ಅಲ್ಲಿನ ನೈರುತ್ಯ ಭಾಗದ ಕಾಡುಗಳಲ್ಲಿ ಅರೇಬಿಕಾ ಗಿಡವು ಇಂದಿಗೂ ತಾನಾಗಿಯೇ ಬೆಳೆಯುತ್ತದೆ. ಅದು ಕೆಂಪು ಸಮುದ್ರವನ್ನು ದಾಟಿ ಯೆಮೆನಿಗೆ ಬಂದು, ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನರು ಮೋಖಾ ರೇವಿನಿಂದ ತಂದ ಏಳು ಬೀಜಗಳ ಮೂಲಕ ಚಂದ್ರದ್ರೋಣ ಪರ್ವತವನ್ನು ಸೇರಿತೆಂದು ಪ್ರತೀತಿ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರವು ಹೊರತಂದ ಸೆಲೆಕ್ಷನ್ 9 ಎಂಬ ತಳಿಯಲ್ಲಿಯೂ ತಾಫಾರಿಕೆಲಾ ಎಂಬ ಇಥಿಯೋಪಿಯಾದ ತಳಿಯ ಅಂಶವಿದೆ.

ಆ ದೇಶದಲ್ಲಿ ಗೃಹಿಣಿಯು ಹಸಿ ಬೀಜವನ್ನು ಅತಿಥಿಗಳ ಎದುರಿಗೇ ಹುರಿದು, ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸಲ ಬಡಿಸುವಳು. ಮೂರನೆಯ ಸುತ್ತಿಗೆ ಬರಕಾ, ಎಂದರೆ ಆಶೀರ್ವಾದ, ಎಂದು ಹೆಸರು. ನೆರೆಹೊರೆಯವರನ್ನು ಕರೆದು ಕುಡಿಯುವುದೇ ಅಲ್ಲಿನ ರೂಢಿ. ಆದರೂ ವ್ಯಾಪಾರದ ಲಾಭವು ಬಹುಕಾಲ ಬೆಳೆಗಾರನ ಕೈಸೇರಲಿಲ್ಲ. ಇದಕ್ಕೆ ಪರಿಹಾರವಾಗಿ 1999ರಲ್ಲಿ ಒರೋಮಿಯಾ ಪ್ರಾಂತದ ಸಹಕಾರ ಸಂಘಗಳು ಒಂದು ಒಕ್ಕೂಟವನ್ನು ರಚಿಸಿಕೊಂಡು, ಮಧ್ಯವರ್ತಿಗಳಿಲ್ಲದೆ ಹೊರದೇಶಗಳಿಗೆ ಮಾರತೊಡಗಿದುವು. ಲಾಭದ ಹೆಚ್ಚಿನ ಭಾಗವು ಸದಸ್ಯ ಸಂಘಗಳಿಗೆ ಹಿಂದಿರುಗುವುದೆಂಬುದು ಅದರ ನಿಯಮ. 2005ರಲ್ಲಿ ಇಥಿಯೋಪಿಯಾ ಸರ್ಕಾರವು ಸಿದಾಮೊ, ಹರಾರ್, ಯಿರ್ಗಾಚೆಫೆ ಎಂಬ ತನ್ನ ಸೀಮೆಗಳ ಹೆಸರುಗಳ ಮೇಲೆ ಅಮೆರಿಕೆಯಲ್ಲಿ ಹಕ್ಕು ಸ್ಥಾಪಿಸಲು ಮುಂದಾಯಿತು. 2007ರಲ್ಲಿ ಸ್ಟಾರ್‌ಬಕ್ಸ್ ಕಂಪನಿಯೊಡನೆ ಒಪ್ಪಂದವಾಯಿತು. ಹೆಸರೂ ಒಂದು ಆಸ್ತಿಯೆಂಬುದು ಇದರಿಂದ ವೇದ್ಯವಾಗುವುದು.

2. ನಮ್ಮ ನಾಡಿನ ನಿದರ್ಶನಗಳು

1940ರ ದಶಕದಿಂದ ನಮ್ಮಲ್ಲಿ ಬೆಳೆದ ಕಾಫಿಯು ಸಾಮೂಹಿಕ ಪೂಲಿಗೆ ಸೇರುತ್ತಿತ್ತು. 1996ರ ವೇಳೆಗೆ ಆ ಕಟ್ಟು ಪೂರ್ಣವಾಗಿ ಸಡಿಲಿ, ಮಾರುವ ಸ್ವಾತಂತ್ರ್ಯವೂ ಧಾರಣೆಯ ಅಪಾಯವೂ ಬೆಳೆಗಾರನದೇ ಆದುವು. ಕಾಫಿ ಮಂಡಲಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ, ಕೆಲಸ ಕಳೆದುಕೊಂಡ ನೌಕರರು ಎ.ಕೆ. ಗೋಪಾಲನ್ನರ ಪ್ರೋತ್ಸಾಹದಿಂದ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘವನ್ನು ರಚಿಸಿ ತಾವೇ ಹೋಟೆಲು ನಡೆಸಿದರು. ಇನ್ನು ಕರಾವಳಿಯವರಿಗೆ ಪರಿಚಿತವಾದ ಕ್ಯಾಂಪ್ಕೊ 1973ರಲ್ಲಿ ಮಂಗಳೂರಿನಲ್ಲಿ ಅಡಿಕೆಗಾಗಿ ಹುಟ್ಟಿತು. ಮುಂದೆ ಕೋಕೋ ಕೊಳ್ಳುವವರಿಲ್ಲದಾದಾಗ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಕಷ್ಟಕಾಲದಲ್ಲಿ ಕೊಳ್ಳುವವನೇ ಬೆಳೆಗಾರನ ನಿಜವಾದ ಬಂಧು.

3. ನಿಟ್ಟೆಯಲ್ಲಿ ಸಾಧ್ಯವಾದುದು

ಅರೇಬಿಕಾ ಗಿಡಕ್ಕೆ ಸಮುದ್ರಮಟ್ಟದಿಂದ 1000ದಿಂದ 1500 ಮೀಟರ್, ರೊಬಸ್ಟಾ ಗಿಡಕ್ಕೆ 500ರಿಂದ 1000 ಮೀಟರ್ ಎತ್ತರವು ಪ್ರಶಸ್ತ. ನಿಟ್ಟೆಯು ಘಟ್ಟದ ಕೆಳಗಿನ ತಗ್ಗು ನಾಡು. ಆದುದರಿಂದ ಇಲ್ಲಿ ಅಡಿಕೆ ತೋಟವನ್ನು ಕಡಿದು ಅರೇಬಿಕಾ ನೆಡುವುದು ಶುದ್ಧ ಅವಿವೇಕ. ತೋಟದ ನೆರಳಿನಲ್ಲಿ ಕೆಲವು ರೊಬಸ್ಟಾ ಗಿಡಗಳನ್ನು ಪರೀಕ್ಷಾರ್ಥವಾಗಿ ಬೆಳೆಸಬಹುದೇ ಹೊರತು ಹೆಚ್ಚಿನ ಆಸೆ ಸಲ್ಲದು.

ಈ ಸೀಮೆಯ ಅನುಕೂಲ ಬೇರೆಯದು. ಒಂದು ಕಡೆ ಮಾಳ ಘಟ್ಟವನ್ನು ಹತ್ತಿದರೆ ಕಳಸ, ಶೃಂಗೇರಿ ಕಡೆಯ ಕಾಫಿಯ ನಾಡು; ಇನ್ನೊಂದು ಕಡೆ ಪಡುಬಿದ್ರಿಯ ಮೂಲಕ ಮಂಗಳೂರಿನ ಬಂದರು. ಹಿಂದೆ ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಸಾಗುತ್ತಿದ್ದ ಕಾಫಿಬೀಜವು ಕಡಲ ತೇವವನ್ನು ಹೀರಿ ಉಬ್ಬಿ ಹೊಂಬಣ್ಣಕ್ಕೆ ತಿರುಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪ್ರಯಾಣವು ಚಿಕ್ಕದಾದ ಮೇಲೆ ಆ ರುಚಿಯನ್ನು ಪಡೆಯಲು ಪಶ್ಚಿಮ ಕರಾವಳಿಯಲ್ಲಿಯೇ ಮಳೆಗಾಲದ ಗಾಳಿಗೆ ಬೀಜವನ್ನು ಒಡ್ಡುವ ಕ್ರಮವು ಬಂದಿತು. ಗಾಳಿ ಆಡುವ ಗೋದಾಮಿನ ಗಟ್ಟಿ ನೆಲದ ಮೇಲೆ 4ರಿಂದ 6 ಅಂಗುಲ ದಪ್ಪಕ್ಕೆ ಹರಡಿ, ಆಗಾಗ ಕೈಯಾಡಿಸಿ, ಬಳಿಕ ಗೋಣಿಚೀಲಗಳಲ್ಲಿ ಸಡಿಲವಾಗಿ ತುಂಬಿ, ಸಾಲುಗಳ ನಡುವೆ ಗಾಳಿಗೆ ಎಡೆಬಿಟ್ಟು ಒಟ್ಟುವರು. ಚೀಲಗಳನ್ನು ಮತ್ತೆ ಮತ್ತೆ ಬರಿದುಮಾಡಿ ತುಂಬದಿದ್ದರೆ ಬೂಷ್ಟು ಹಿಡಿಯುವುದು. ಇದಕ್ಕೆ ಕಡಲಿಗೆ ಸಮೀಪವಾದ ಗೋದಾಮೂ ನುರಿತ ಆಳೂ ಬೇಕು. ಮಾನ್ಸೂನ್ಡ್ ಮಲಬಾರ್ ಎಂಬುದು ಭೌಗೋಳಿಕ ಸೂಚಕವಾಗಿ ನೋಂದಾಯಿತವಾದ ಹೆಸರಾದುದರಿಂದ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಅದನ್ನು ಬಳಸಕೂಡದು. ಆರಂಭದಲ್ಲಿ ಹುರಿದು ಪುಡಿಮಾಡಿ ಮಾರುವುದೇ ಕ್ಷೇಮ.

4. ಲೆಕ್ಕ

ಸುಮಾರು 36 ಕಿಲೋ ಅರೇಬಿಕಾ ಹಣ್ಣಿನಿಂದ 6 ಕಿಲೋ ಬೀಜವೂ, ಅದನ್ನು ಹುರಿದಲ್ಲಿ 5 ಕಿಲೋ ಪುಡಿಯೂ ದೊರೆಯುವುದು. ಈ ಇಳುವರಿಯನ್ನು ಮರೆತು ಬೆಲೆ ಕಟ್ಟಿದವನು ಸಾಲಕ್ಕೆ ಬೀಳುವನು. ಕೊಯ್ಲು ಕೆಲವೇ ತಿಂಗಳಲ್ಲಿ ಮುಗಿಯುವುದು, ಪುಡಿಯಾದರೋ ವರ್ಷವಿಡೀ ಮಾರುವುದು. ಕೊಯ್ಲಿನ ಕಾಲದಲ್ಲಿ ಕೂಲಿ ಕೊಡಲು ಹಣವಿಲ್ಲದೆಯೇ ಚಿಕ್ಕ ಬೆಳೆಗಾರನು ಸಿಕ್ಕಿದ ಬೆಲೆಗೆ ಮಾರಿಬಿಡುವನು. ಆದಕಾರಣ ಯಂತ್ರಕ್ಕಿಂತ ಮೊದಲು, ಮಾಲು ತಂದ ದಿನವೇ ಮುಂಗಡ ಕೊಡುವಷ್ಟು ನಗದನ್ನು ಕಂಪನಿಯು ಕೂಡಿಸಿಕೊಂಡಿರತಕ್ಕದ್ದು. ಕೂಲಿಯನ್ನು ತೂಕದ ಮೇಲೆ ಮಾತ್ರ ಕೊಟ್ಟರೆ ಹಸಿರು ಕಾಯಿಯೂ ಬುಟ್ಟಿಗೆ ಬೀಳುವುದು. ಮಾಗಿದ ಹಣ್ಣಿಗೆ ಹೆಚ್ಚು ಕೂಲಿ ಗೊತ್ತುಮಾಡಿದಲ್ಲಿ ಆಳಿಗೂ ಲಾಭ, ರುಚಿಗೂ ಲಾಭ. ಚಿಕೋರಿ ಬೆರೆಸಿದರೆ ಅದರ ಪ್ರಮಾಣವನ್ನು ಪೊಟ್ಟಣದ ಮೇಲೆ ಕಾಣಿಸಬೇಕು; ಮಿಶ್ರಣದಲ್ಲಿ ನೂರಕ್ಕೆ 51ಕ್ಕಿಂತ ಕಡಿಮೆ ಕಾಫಿಯಿರಕೂಡದೆಂಬುದು ಕಾಯಿದೆ.

5. ಕಂಪನಿಯ ರಚನೆ

ಉತ್ಪಾದಕರ ಕಂಪನಿಯನ್ನು ಹತ್ತು ಮಂದಿ ಉತ್ಪಾದಕರು ಸೇರಿ ಸ್ಥಾಪಿಸಬಹುದು. ನಿರ್ದೇಶಕರು ಐವರಿಗೆ ಕಡಿಮೆಯಿರಕೂಡದು. ಬಿಡಿ ಬೆಳೆಗಾರರೇ ಸದಸ್ಯರಾಗಿರುವಲ್ಲಿ ಷೇರು ಎಷ್ಟಿದ್ದರೂ ಒಬ್ಬನಿಗೆ ಒಂದೇ ಮತ. ಘಟ್ಟದ ಮೇಲಿನ ಬೆಳೆಗಾರರನ್ನು ಸದಸ್ಯರನ್ನಾಗಿ ಸೇರಿಸಿಕೊಂಡರೆ ಮಾತ್ರ ಅದು ಅವರದಾಗುವುದು. ಕೊಯ್ಯುವ ಆಳಿಗೆ ಸ್ವಂತ ಬೆಳೆಯಿಲ್ಲದಿರುವುದರಿಂದ ಸದಸ್ಯತ್ವ ದೊರೆಯುವುದು ಕಷ್ಟ. ಆತನ ಪಾಲನ್ನು ನಿಬಂಧನೆಗಳಲ್ಲಿಯೇ ಬರೆದಿಡದಿದ್ದರೆ ಲಾಭ ಹಂಚುವ ದಿನ ಆತನನ್ನು ನೆನೆಯುವವರಿರಲಾರರು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯಂತೆ ಮೊದಲ ವರ್ಷ ಅಲ್ಪ ಪ್ರಮಾಣದಲ್ಲಿ ಕೊಂಡು, ಹುರಿದು, ಮಾರಿ, ಲೆಕ್ಕವನ್ನು ಸದಸ್ಯರ ಸಭೆಯಲ್ಲಿ ಓದಿ ಹೇಳತಕ್ಕದ್ದು. ಹತ್ತಿರದ ಕಾಫಿ ಮಂಡಲಿಯ ಕಚೇರಿಯಲ್ಲಿ ವಿಚಾರಿಸಿ ಮುಂದಿನ ಹೆಜ್ಜೆಯನ್ನಿಡುವುದು ಲೇಸು. ಕಂಪನಿಯು ಧರ್ಮಿಷ್ಠವಾದುದೆಂಬುದು ಅದರ ಹೆಸರಿನಿಂದ ತಿಳಿಯತಕ್ಕುದಲ್ಲ, ಅದರ ಖಾತೆಯ ಪುಸ್ತಕದಿಂದ ತಿಳಿಯತಕ್ಕುದು.