ಅಂಕಿ ಬೇಡದ ನಕ್ಷೆ

ಒಂದಕ್ಕೆ ಇಪ್ಪತ್ತರ ಪ್ರಮಾಣದ ನಕ್ಷೆಯಲ್ಲಿ ಅರ್ಧ ಮಿ.ಮೀ. ದಪ್ಪದ ಗೆರೆ ನಿಜದಲ್ಲಿ 10 ಮಿ.ಮೀ. ಜಾಗ ತಿನ್ನುತ್ತದೆ. ಗೋಡೆ ಕಟ್ಟುವವರಿಗೆ ಅದು ಗಾರೆಯಲ್ಲಿ ಮುಚ್ಚಿಹೋಗುವ ಲೆಕ್ಕ. ಬಾಗಿಲು ಮಾಡುವವನಿಗೆ ಹಾಗಲ್ಲ, ಬಾಗಿಲಿಗೂ ಚೌಕಟ್ಟಿಗೂ ನಡುವೆ ಅವನು ಬಿಡುವ ಸಂದೇ 2-3 ಮಿ.ಮೀ. ಅದಕ್ಕೇ ಇಂಗ್ಲೆಂಡಿನ ಮರಗೆಲಸದ ಕಾರ್ಖಾನೆಗಳಲ್ಲಿ ಆರ್ಕಿಟೆಕ್ಟ್ ಕೊಟ್ಟ ಕಾಗದ ಕೈಗೆ ಬಂದ ಮೇಲೂ ಹಲಗೆಯ ಮೇಲೆ ಇನ್ನೊಂದು ನಕ್ಷೆ ಬರೆಯುವ ರೂಢಿ ಬೆಳೆಯಿತು. ಬಾಗಿಲು ಎಷ್ಟು ಉದ್ದವೋ ನಕ್ಷೆಯೂ ಅಷ್ಟೇ ಉದ್ದ. ಅವರ ಬಾಯಲ್ಲಿ ಅದು ‘ರಾಡ್’.

ಈ ವಿದ್ಯೆ ಮೊದಲು ಕಲ್ಲಿನವರದು. ಇಂದಿನ ಟರ್ಕಿಯ ದಿದಿಮಾದಲ್ಲಿ ಅಪೊಲೊ ದೇಗುಲದ ಕೆಲಸ ಕ್ರಿ.ಪೂ. 300ರ ಸುಮಾರಿಗೆ ಶುರುವಾಗಿ ಶತಮಾನಗಳು ಕಳೆದರೂ ಮುಗಿಯಲಿಲ್ಲ. 1979ರಲ್ಲಿ ಕಟ್ಟಡ ಇತಿಹಾಸಕಾರ ಲೋಥರ್ ಹಾಸೆಲ್‌ಬೆರ್ಗರ್ ಅದರ ಗೋಡೆಗಳ ಮೇಲೆ ಕೂದಲೆಳೆಯಂಥ ಗೀರುಗಳನ್ನು ಗುರುತಿಸಿದರು. ಕಂಬದ ಅಗಲ ಅಲ್ಲಿ ನಿಜಗಾತ್ರದಲ್ಲೇ ಇದೆ, ಎತ್ತರವನ್ನಷ್ಟೇ ಹದಿನಾರನೇ ಒಂದು ಪಾಲಿಗೆ ಇಳಿಸಿದ್ದಾರೆ. ಗೋಡೆಗೆ ಕೊನೆಯ ನಯ ಕೊಟ್ಟಿದ್ದರೆ ಗೀರೆಲ್ಲ ಅಳಿಸಿಹೋಗುತ್ತಿತ್ತು. ದೇಗುಲ ಅರೆಬರೆ ಉಳಿದದ್ದೇ ನಮ್ಮ ಪುಣ್ಯ. ಇಂಗ್ಲೆಂಡಿನ ಯಾರ್ಕ್ ಮತ್ತು ವೆಲ್ಸ್‌ನ ಕೆಥೆಡ್ರಲ್‌ಗಳಲ್ಲಿ ಮಧ್ಯಯುಗದ ಕಲ್ಲುಕುಟಿಗರು ಗಾರೆ ನೆಲವನ್ನೇ ಹಾಳೆ ಮಾಡಿಕೊಂಡಿದ್ದರು.

ಮರಕ್ಕೆ ಇದರ ಜರೂರು ಬಂದದ್ದು, ನನ್ನ ಲೆಕ್ಕದಲ್ಲಿ, ಕೆಲಸದ ಜಾಗ ಬದಲಾದಾಗ. ಕಟ್ಟುತ್ತಿರುವ ಮನೆಯಲ್ಲೇ ಕೂತು ಕಿಟಕಿ ಮಾಡುವ ಬಡಗಿ, ಅನುಮಾನ ಬಂದರೆ ಮರವನ್ನು ಗೋಡೆಗೆ ಹಿಡಿದು ನೋಡಿದರಾಯಿತು. 1815ರ ಸುಮಾರಿಗೆ ಕಟ್ಟಡ ಗುತ್ತಿಗೆದಾರ ಥಾಮಸ್ ಕ್ಯೂಬಿಟ್ ಲಂಡನ್ನಿನ ಗ್ರೇಸ್ ಇನ್ ರಸ್ತೆಯಲ್ಲಿ ದೊಡ್ಡ ಕಾರ್ಯಾಗಾರ ತೆರೆದು, ಬೇರೆ ಬೇರೆ ಕಸುಬಿನವರನ್ನು ಕಾಯಂ ಕೂಲಿಯ ಮೇಲೆ ಇಟ್ಟುಕೊಂಡ. ಇಂಥಲ್ಲಿ ಕಿಟಕಿ ಒಂದು ಕಡೆ, ಗೋಡೆ ಇನ್ನೊಂದು ಕಡೆ. ಎರಡರ ನಡುವೆ ಅಳತೆಯನ್ನು ನಂಬಿಕೆಯಿಂದ ಹೊತ್ತು ತರುವುದೊಂದು ಬೇಕಿತ್ತು. ಅದಕ್ಕೆ ಬೇಕಾದ ರೇಖಾಗಣಿತ ಆಗಲೇ ಪುಸ್ತಕವಾಗಿತ್ತು. ಸ್ಕಾಟ್ಲೆಂಡಿನ ಪೀಟರ್ ನಿಕಲ್ಸನ್ ತನ್ನ ‘ದಿ ಕಾರ್ಪೆಂಟರ್ಸ್ ನ್ಯೂ ಗೈಡ್’ ಹೊರತಂದದ್ದು 1792ರಲ್ಲಿ. ಅವನು ಮರಗೆಲಸದವನಾದರೂ ಕಲ್ಲುಕುಟಿಗನ ಮಗ!

ರಾಡ್ ನೋಡಲು ಏನೂ ಅಲ್ಲ. ಒಂದು ಗೇಣು ಅಗಲದ ಬಿಳಿ ಬಳಿದ ಹಲಗೆ, ಮೂಲೆಯಲ್ಲಿ ಕೆಲಸದ ಹೆಸರು, ತಾರೀಖು. ಒಂದು ಮೈಯಲ್ಲಿ ಬಾಗಿಲನ್ನು ಅಡ್ಡ ಕೊಯ್ದಂತೆ, ಇನ್ನೊಂದರಲ್ಲಿ ಉದ್ದಕ್ಕೆ ಸೀಳಿದಂತೆ ಚೂಪು ಪೆನ್ಸಿಲ್ಲಿನ ಗೆರೆಗಳು. ಮರದ ಪಟ್ಟಿಯನ್ನು ಅದರ ಮೇಲಿಟ್ಟು, ಮೂಲೆಮಟ್ಟ ಹಿಡಿದು ಗೆರೆಯನ್ನು ಮೇಲೆತ್ತಿದರೆ ಮುಗಿಯಿತು. ಟೇಪಿಲ್ಲ, ಕೂಡಿ ಕಳೆಯುವುದಿಲ್ಲ, ಮೂರನ್ನು ಎಂಟೆಂದು ಓದುವ ಭಯವಿಲ್ಲ. ಹತ್ತು ಬಾಗಿಲಾದರೂ ಅದೇ ಹಲಗೆ. ಯಾವ ಅಳತೆಯ ಮರ ಎಷ್ಟು ಬೇಕೆಂಬ ಯಾದಿ ಬರೆಯುವುದೂ ಅದನ್ನೇ ನೋಡಿ.

ಬಾಗಿಲ ಭಾಗಗಳ ನಡುವಿನ ಜಗಳಗಳೂ ಈ ಹಲಗೆಯ ಮೇಲೇ ಹೊರಬೀಳುತ್ತವೆ. ಬಾಗಿಲ ನಡುಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಪಕ್ಕದ ಪಟ್ಟಿಯ ತೂತಿಗೆ ಕೂರಿಸುತ್ತಾರೆ. ಒಳಗೆ ಹುದುಗುವ ಬೀಗ ಅದೇ ಎತ್ತರಕ್ಕೆ ಬಂದರೆ ಅದರ ಗೂಡು ಈ ನಾಲಿಗೆಯನ್ನೇ ಕತ್ತರಿಸುತ್ತದೆ. ಸಣ್ಣ ನಕ್ಷೆಯಲ್ಲಿ ಇದು ಕಣ್ಣಿಗೆ ಬೀಳುವುದು ಕಷ್ಟ. ರಾಡ್ ಬರೆಯುವವನು ಪೆನ್ಸಿಲ್ ಹಿಡಿದಾಗಲೇ ಬೀಗವನ್ನು ಮೇಲೆ ಕೆಳಗೆ ಸರಿಸುತ್ತಾನೆ. ದೊಡ್ಡ ಕಾರ್ಖಾನೆಗಳಲ್ಲಿ ರಾಡ್ ಬರೆಯುವುದು ಅನುಭವಿಗಳ ಪ್ರತ್ಯೇಕ ಹುದ್ದೆಯೇ ಆಗಿತ್ತು. ಹಲಗೆಯ ಮೇಲೆ ಬಿದ್ದ ತಪ್ಪು ಹತ್ತೂ ಬಾಗಿಲಿಗೆ ಇಳಿಯುತ್ತದಲ್ಲ! ಕೆಲಸ ಮುಗಿದ ಹಲಗೆಗೆ ಹತ್ತರಿ ಹೊಡೆದು ಮತ್ತೆ ಬಳಸುತ್ತಿದ್ದರು, ಹಾಗಾಗಿ ಹಳೆಯವು ಸಿಗುವುದು ಅಪರೂಪ.

1982ರಲ್ಲಿ ಬಂದ ನಕ್ಷೆಯ ತಂತ್ರಾಂಶ ಆಟೋಕ್ಯಾಡ್‌ನಲ್ಲೂ ಬರೆಯುವುದು ನಿಜಗಾತ್ರಕ್ಕೇ, ಕುಗ್ಗಿಸುವುದು ಮುದ್ರಿಸುವಾಗ. ಆದರೆ ಪರದೆಯ ಮೇಲೆ ಮರವನ್ನಿಟ್ಟು ನೋಡಲಾಗದು. ಹಳೇ ಕಟ್ಟಡದ ಡೊಂಕು ಕಿಟಕಿಯೋ ಸುತ್ತಿ ಏರುವ ಮೆಟ್ಟಿಲೋ ಬಂದಾಗ ಪ್ಲೈವುಡ್ ಹಾಸಿ ಗೆರೆ ಎಳೆಯುವವರು ಇನ್ನೂ ಇದ್ದಾರೆ.