ಪರದೆ ಸವೆದರೆ ಸಿತಾರ್ ಕೆಟ್ಟಿತು ಅಂತಲ್ಲ: ಬದಲಿಸುವ ಮುಂಚೆ ಇಷ್ಟು ತಿಳಿದಿರಲಿ

ಕೊಗನೊಳ್ಳಿ: ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ, ಮಠ-ಮಂದಿರಗಳ ಖೋಲಿಗಳಲ್ಲಿ ಹಳೆಯ ಸಿತಾರ್‌ಗಳು ಬಟ್ಟೆ ಹೊದ್ದು ಮೂಲೆ ಹಿಡಿದಿವೆ. ನುಡಿಸಲು ಹೋದರೆ ಗರಗರ ಅನ್ನುತ್ತವೆ, ಸ್ವರ ಸರಿ ಕೂಡುವುದಿಲ್ಲ. 'ಹಳೇದಾಗೈತಿ, ಇನ್ನ ಉಪಯೋಗಿಲ್ಲ' ಅಂತ ಸಿಕ್ಕಷ್ಟಕ್ಕೆ ಕೊಟ್ಟುಬಿಡುವವರೂ ಇದ್ದಾರೆ. ಕಲಿಯುವ ಹುಡುಗರಾದರೆ ತಮ್ಮ ಕೈಯೇ ಸರಿ ಇಲ್ಲ ಅಂದುಕೊಂಡು ಕ್ಲಾಸು ಬಿಡುತ್ತಾರೆ. ಬಹಳ ಸಲ ಕೆಟ್ಟಿರುವುದು ವಾದ್ಯವೂ ಅಲ್ಲ, ಕೈಯೂ ಅಲ್ಲ. ಸವೆದಿರುವುದು ಪರದೆ ಮಾತ್ರ.

ನೇಗಿಲದ ಕುಳ ಸವೆದರೆ ನೇಗಿಲವನ್ನೇ ಯಾರೂ ಒಗೆಯುವುದಿಲ್ಲ. ಪರದೆಯೂ ಹಾಗೆಯೇ, ಸವೆದ ಮೇಲೆ ಬದಲಿಸಲಿಕ್ಕೇ ಇರುವ ಭಾಗ. ಆದರೆ ಗರಗರ ಅಂದಾಗಲೆಲ್ಲ ಪರದೆ ಬದಲಿಸಬೇಕು ಅಂತಲೂ ಇಲ್ಲ. ದೋಷ ಎಲ್ಲಿದೆ ಅಂತ ಮೊದಲು ನೋಡಿಕೊಂಡರೆ ದುಡ್ಡೂ ಉಳಿಯುತ್ತದೆ, ವಾದ್ಯವೂ ಉಳಿಯುತ್ತದೆ.

ಪರದೆ ಅಂದರೆ ಯಾವುದು?

ಸಿತಾರಿನ ಉದ್ದನೆಯ ದಾಂಡಿಯ ಮೇಲೆ ಕಮಾನಿನಂತೆ ಬಾಗಿಸಿ ಅಡ್ಡಡ್ಡ ಕಟ್ಟಿರುವ ಲೋಹದ ಸರಳುಗಳೇ ಪರದೆ. ಇದನ್ನೇ ಗಿಟಾರಿನಲ್ಲಿ ಫ್ರೆಟ್ ಅಂತಾರೆ, ವೀಣೆಯಲ್ಲಿ ಮೆಟ್ಟು ಅಂತಾರೆ. ಈಗಿನ ಸಿತಾರ್‌ಗಳಲ್ಲಿ ಸಾಮಾನ್ಯವಾಗಿ 19 ಅಥವಾ 20 ಪರದೆ ಇರುತ್ತವೆ. ಬೆರಳಿಂದ ತಂತಿಯನ್ನು ಒತ್ತಿದಾಗ ಅದು ಪರದೆಗೆ ತಾಗಿ ನಿಲ್ಲುತ್ತದೆ. ಆಗ ನುಡಿಯುವ ತಂತಿಯ ಉದ್ದ ಕಡಿಮೆಯಾಗಿ ಸ್ವರ ಏರುತ್ತದೆ.

ಹಾರ್ಮೋನಿಯಂ, ಏಕತಾರಿ, ತಂಬೂರಿಗೆ ಪರದೆ ಇಲ್ಲ. ಅವುಗಳ ದೋಷ ಬೇರೆ, ರಿಪೇರಿಯೂ ಬೇರೆ.

ಸಿತಾರಿನ ಪರದೆಗೆ ಒಂದು ವಿಶೇಷವಿದೆ. ಅದನ್ನು ಮೊಳೆ ಹೊಡೆದು, ಅಂಟು ಹಾಕಿ ಕೂಡಿಸಿರುವುದಿಲ್ಲ. ಎರಡೂ ತುದಿಯ ಕಚ್ಚಿನಲ್ಲಿ ದಾರ ಹಾಯಿಸಿ, ದಾಂಡಿಯ ಹಿಂದಿನಿಂದ ಸುತ್ತಿ ಬಿಗಿದಿರುತ್ತಾರೆ. ಹೀಗಾಗಿ ರಾಗಕ್ಕೆ ತಕ್ಕಂತೆ ಕೆಲವು ಪರದೆಗಳನ್ನು ಮೇಲೆ-ಕೆಳಗೆ ಸರಿಸಬಹುದು. ಕಮಾನಿನ ಕೆಳಗೆ ತರಬ್ ತಂತಿಗಳು ಹಾಯ್ದು ಹೋಗುತ್ತವೆ.

ಯಾಕೆ ಸವೆಯುತ್ತದೆ?

ಬಾವಿಯ ಹಗ್ಗ ಉಜ್ಜಿ ಉಜ್ಜಿ ಕಲ್ಲಿಗೆ ಗೆರೆ ಬೀಳುವುದನ್ನು ನೋಡಿದ್ದೀರಿ. ಇಲ್ಲಿಯೂ ಅದೇ ಆಗುತ್ತದೆ. ಮುಖ್ಯ ತಂತಿಯಾದ ಬಾಜ್ ತಂತಿ ಉಕ್ಕಿನದು, ಸುಮಾರು 0.30 ಮಿ.ಮೀ. ದಪ್ಪ. ಪರದೆ ಹೆಚ್ಚಾಗಿ ಹಿತ್ತಾಳೆಯದು ಅಥವಾ ಜರ್ಮನ್ ಸಿಲ್ವರ್‌ನದು. ಎರಡೂ ಉಕ್ಕಿಗಿಂತ ಮೆದು. ಸಾಲದ್ದಕ್ಕೆ ಸಿತಾರಿನಲ್ಲಿ ಮೀಂಡ್ ಇದೆ. ಒಂದೇ ಪರದೆಯ ಮೇಲೆ ತಂತಿಯನ್ನು ಅಡ್ಡ ಎಳೆದು ನಾಲ್ಕೈದು ಸ್ವರ ತೆಗೆಯುತ್ತಾರೆ. ಒತ್ತಿ ಎಳೆದಷ್ಟೂ ಪರದೆ ತಿಕ್ಕುತ್ತದೆ.

ತುಕ್ಕು ಹಿಡಿದ ತಂತಿ ಇದ್ದರಂತೂ ಅರ ಹಾಕಿ ಉಜ್ಜಿದಂತೆಯೇ. ಅಗ್ಗದ ತಂತಿ ಬದಲಿಸದೆ ದುಬಾರಿ ಪರದೆ ಹಾಳುಮಾಡಿಕೊಳ್ಳುವುದು ಹೀಗೆ.

ಎಲ್ಲ ಪರದೆಗಳೂ ಒಂದೇ ಸಮ ಸವೆಯುವುದಿಲ್ಲ. ಹೆಚ್ಚು ನುಡಿಸುವ ಕೆಲವಕ್ಕೆ ಮೊದಲು ಗೆರೆ ಬೀಳುತ್ತದೆ. ಗೆರೆಯೊಳಗೆ ತಂತಿ ಇಳಿದಾಗ ಪಕ್ಕದ ಪರದೆ ಎತ್ತರವಾದಂತೆ ಆಗಿ ತಂತಿ ಅದಕ್ಕೆ ಬಡಿಯುತ್ತದೆ. ಆ ಗರಗರ ಇದರದ್ದೇ. ಪರದೆಯ ನೆತ್ತಿ ಚಪ್ಪಟೆಯಾದರೆ ಸ್ವರವೂ ಕೂದಲೆಳೆಯಷ್ಟು ತಪ್ಪುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡ್ರಿ

ರಿಪೇರಿಗೆ ಒಯ್ಯುವ ಮೊದಲು ಈ ಐದು ನೋಡಿಕೊಳ್ಳಿ. ಹತ್ತು ನಿಮಿಷದ ಕೆಲಸ.

1. ಮೊದಲು ಹೊಸ ತಂತಿ ಹಾಕಿ. ಹಳೆಯ, ತಿರುಚಿದ, ತುಕ್ಕು ಹಿಡಿದ ತಂತಿಯಿಂದಲೂ ಸ್ವರ ಕೆಡುತ್ತದೆ. ಎಷ್ಟೋ ತಕರಾರು ಇಲ್ಲಿಗೇ ಮುಗಿಯುತ್ತದೆ.

2. ಯಾವ ಪರದೆಯನ್ನೂ ಒತ್ತದೆ ತಂತಿ ಮೀಟಿ. ಆಗಲೂ ದನಿ ಕೆಟ್ಟು ಬಂದರೆ ದೋಷ ಪರದೆಯದ್ದಲ್ಲ, ಜವಾರಿಯದ್ದು. ಇದು ನಮ್ಮ ಜವಾರಿ ಕೋಳಿ, ಜವಾರಿ ಬದನೆಯ ಜವಾರಿ ಅಲ್ಲ. ಕೆಳಗೆ ತಂತಿ ಕೂಡುವ ಅಗಲ ಕುದುರೆಯ ಮೇಲ್ಮೈಗೆ ಕೊಟ್ಟಿರುವ ಸೂಕ್ಷ್ಮ ಇಳಿಜಾರಿಗೆ ಜವಾರಿ ಅಂತಾರೆ. ಅಲ್ಲಿಯೂ ತಂತಿ ಗೆರೆ ಕೊರೆಯುತ್ತದೆ. ಅದನ್ನು ಅರದಿಂದ ತಿದ್ದುವ ಕೆಲಸವೇ ಬೇರೆ.

3. ಒಂದೊಂದೇ ಪರದೆ ಒತ್ತಿ ನುಡಿಸಿ. ಒಂದೆರಡರಲ್ಲಿ ಮಾತ್ರ ಗರಗರ ಅಂದರೆ ಆ ಪರದೆ ಸವೆದಿದೆ, ಇಲ್ಲವೇ ಅದರ ಮುಂದಿನದು ಎದ್ದಿದೆ.

4. ಪರದೆಯನ್ನು ಬೆರಳಲ್ಲಿ ಹಿಡಿದು ಅಲುಗಾಡಿಸಿ. ಅಲ್ಲಾಡಿದರೆ ದಾರ ಸಡಿಲಾಗಿದೆ ಅಷ್ಟೇ. ಮತ್ತೆ ಬಿಗಿದು ಕಟ್ಟಿದರೆ ಸಾಕು, ಹೊಸ ಪರದೆ ಬೇಡ.

5. ತಂತಿ ಸರಿಸಿ ಮೊಬೈಲ್ ಬ್ಯಾಟರಿ ಬೆಳಕನ್ನು ಓರೆಯಾಗಿ ಹಿಡಿಯಿರಿ. ಪರದೆಯ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಇದ್ದರೆ, ಮೀಂಡ್ ಎಳೆದಾಗ ತಂತಿ ನಡುವೆ ತಡೆದು ಜಿಗಿದಂತಾದರೆ ಪರದೆ ಸವೆದಿರುವುದು ಖಾತ್ರಿ.

ದನಿ ಸ್ವಚ್ಛ ಇದ್ದು ಸ್ವರ ಮಾತ್ರ ಕೂಡದಿದ್ದರೆ ಪರದೆ ಜಾಗ ಬಿಟ್ಟು ಸರಿದಿರಬಹುದು. ಅದನ್ನು ಸರಿಸಿ ಕೂಡಿಸಬಹುದು. ಮೊಬೈಲ್ ಟ್ಯೂನರ್ ಆ್ಯಪ್ ಒಂದು ಅಂದಾಜು ಕೊಡುತ್ತದೆ. ಆದರೆ ಅದು 12 ಸ್ವರಗಳನ್ನು ಸಮನಾಗಿ ಹಂಚಿದ ಲೆಕ್ಕ. ರಾಗದ ಸ್ವರಸ್ಥಾನಕ್ಕೆ ಕಲಿಸುವ ಗುರುಗಳ ಕಿವಿಯೇ ಪ್ರಮಾಣ.

ಉಜ್ಜಿಸಬೇಕೋ, ಬದಲಿಸಬೇಕೋ?

ಗೆರೆ ಮೇಲಿಂದ ಮೇಲೆ ಇದ್ದರೆ ಬದಲಿಸುವುದು ಬೇಡ. ಸಣ್ಣ ಅರ, ಆಮೇಲೆ ನಯವಾದ ಪಾಲಿಶ್ ಕಾಗದ ಹಾಕಿ ನೆತ್ತಿಯನ್ನು ಮತ್ತೆ ಗುಂಡಗೆ ಮಾಡುತ್ತಾರೆ. ಇದನ್ನು ಎಷ್ಟು ಸಲ ಬೇಕಾದರೂ ಮಾಡಲು ಬರುವುದಿಲ್ಲ. ಪ್ರತಿ ಸಲ ಪರದೆಯ ಎತ್ತರ ಇಳಿಯುತ್ತದೆ. ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ತಂತಿ ಮುಂದಿನ ಪರದೆಗೆ ಬಡಿಯುವುದು ತಪ್ಪಲ್ಲ. ಆಗ ಬದಲಿಸಲೇಬೇಕು.

ಮೂರು-ನಾಲ್ಕು ಮಾತ್ರ ಸವೆದಿದ್ದರೆ ಅವಷ್ಟನ್ನೇ ಹೊಸದು ಹಾಕಬಹುದು. ಆದರೆ ಅವು ಉಳಿದವುಗಳ ಎತ್ತರ, ಬಾಗು, ಲೋಹಕ್ಕೆ ಹೊಂದಬೇಕು. ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಪೂರಾ ಸೆಟ್ ಬದಲಿಸುವುದೇ ಒಳ್ಳೆಯದು.

ಲೋಹದ ವಿಷಯದಲ್ಲಿ ಒಂದು ಎಚ್ಚರಿಕೆ. ಜರ್ಮನ್ ಸಿಲ್ವರ್ ಅಂದರೆ ಬೆಳ್ಳಿ ಅಲ್ಲ. ಅದು ತಾಮ್ರ, ನಿಕಲ್, ಸತುವು ಕೂಡಿದ ಮಿಶ್ರಲೋಹ. ಅದರಲ್ಲಿ ಗುಂಜಿಯಷ್ಟೂ ಬೆಳ್ಳಿ ಇರುವುದಿಲ್ಲ. ಹಿತ್ತಾಳೆಗಿಂತ ಗಟ್ಟಿ, ತಡೆದು ಸವೆಯುತ್ತದೆ. ಬೆಳ್ಳಿ ಪರದೆ ಅಂತ ಹೇಳಿ ಯಾರಾದರೂ ಜಾಸ್ತಿ ಕೇಳಿದರೆ ಕೊಡಬೇಡಿ.

ಬದಲಿಸುವ ಕೆಲಸ ಹೇಗೆ ನಡೆಯುತ್ತದೆ?

ಮೊದಲು ಪ್ರತಿ ಪರದೆಯ ಜಾಗಕ್ಕೆ ಗುರುತು ಹಾಕಿಕೊಳ್ಳುತ್ತಾರೆ. ಹಳೆಯ ದಾರ ಕತ್ತರಿಸಿ ಪರದೆ ತೆಗೆಯುತ್ತಾರೆ. ಹೊಸ ಸರಳನ್ನು ಅದೇ ಕಮಾನಿಗೆ ಬಾಗಿಸಿ, ತುದಿಗೆ ದಾರ ಕೂಡುವ ಕಚ್ಚು ಹಾಕಿ, ನೆತ್ತಿಯನ್ನು ನಯ ಮಾಡುತ್ತಾರೆ. ಕಮಾನು ಒಂದಕ್ಕೊಂದು ಹೊಂದದಿದ್ದರೆ ನೆಟ್ಟಗೆ ಒತ್ತಿದಾಗ ಸರಿ ಬಂದ ಸ್ವರ ಮೀಂಡ್ ಎಳೆದಾಗ ಸತ್ತುಹೋಗುತ್ತದೆ. ಕೈಚಳಕ ಬೇಕಾಗುವುದು ಇಲ್ಲಿಯೇ.

ಆಮೇಲೆ ದಾರ ಸುತ್ತಿ ಕಟ್ಟುವುದು. ಬಿಗಿ ಕಡಿಮೆಯಾದರೆ ನುಡಿಸುವಾಗ ಪರದೆ ಜಾರುತ್ತದೆ. ಅತಿ ಬಿಗಿಯಾದರೆ ರಾಗಕ್ಕೆ ತಕ್ಕಂತೆ ಸರಿಸಲು ಬರುವುದಿಲ್ಲ. ಕೊನೆಗೆ ಒಂದೊಂದು ಪರದೆ ಒತ್ತಿ, ಮೀಂಡ್ ಎಳೆದು, ತರಬ್ ತಂತಿ ಕೆಳಗೆ ತಾಗುತ್ತಿಲ್ಲವೇ ಅಂತ ನೋಡುತ್ತಾರೆ. ಪರದೆಯ ಎತ್ತರ ಬದಲಾಗಿರುವುದರಿಂದ ಜವಾರಿಯನ್ನೂ ಒಮ್ಮೆ ನೋಡಿಸಿಕೊಳ್ಳಬೇಕು.

ಎಲ್ಲಿ ಮಾಡಿಸಬೇಕು? ಮಿರಜ ದೂರಿಲ್ಲ

ದವಾಖಾನೆಗೆ ಅಂತ ಮಿರಜಿಗೆ ಹೋಗುವವರು ನಮ್ಮ ಕಡೆ ಲೆಕ್ಕವಿಲ್ಲ. ಅದೇ ಊರು ದೇಶಕ್ಕೆಲ್ಲ ಸಿತಾರ್, ತಾನಪುರ ಕಳಿಸುವ ಊರೂ ಹೌದು. ಹತ್ತೊಂಬತ್ತನೆಯ ಶತಮಾನದಲ್ಲಿ, ಸುಮಾರು 1850ರ ಹೊತ್ತಿಗೆ, ಫರೀದಸಾಹೇಬ ಸಿತಾರ್‌ಮೇಕರ್ ಇಲ್ಲಿ ಈ ಕಸುಬು ಶುರು ಮಾಡಿದರು. ಕತ್ತಿ-ಗುರಾಣಿ ಮಾಡುತ್ತಿದ್ದ ಶಿಕಲಗಾರ ಮನೆತನದ ಕೈಗಳು ತಂತಿವಾದ್ಯಕ್ಕೆ ತಿರುಗಿದ ಕಥೆಯನ್ನು ಮಿರಜಿನಲ್ಲಿ ಇಂದಿಗೂ ಹೇಳುತ್ತಾರೆ. ವಾದ್ಯದ ಬುರುಡೆಗೆ ಬೇಕಾದ ದೊಡ್ಡ ಸೋರೆಕಾಯಿ ಪಂಢರಪುರದ ಕಡೆಯಿಂದ ಬರುತ್ತದೆ. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಾನಪುರಕ್ಕೆ ಜಿಐ ಟ್ಯಾಗ್ ಸಿಕ್ಕಿತು.

ಕನ್ನಡ ನಾಡಿನ ಸಂಗೀತಕ್ಕೂ ಮಿರಜಿಗೂ ನಂಟು ಹಳೆಯದು. ಕುಂದಗೋಳದ ಸವಾಯಿ ಗಂಧರ್ವರ ಗುರು ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜಿನಲ್ಲೇ ನೆಲೆಸಿದ್ದರು. 1937ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲಿನ ದರ್ಗಾದ ಆವರಣದಲ್ಲಿದೆ. ಧಾರವಾಡದಲ್ಲಂತೂ ರಹಿಮತ್ ಖಾನರಿಂದ ಬಾಲೇ ಖಾನರವರೆಗೆ ಸಿತಾರಿನದ್ದೇ ಒಂದು ಮನೆತನ ಬೆಳೆಯಿತು.

ಕೊಗನೊಳ್ಳಿ, ನಿಪ್ಪಾಣಿಯವರು ಕಾಗಲ, ಕೊಲ್ಲಾಪುರ ದಾಟಿ ಬಸ್ಸಿನಲ್ಲಿ ಹೋಗಬಹುದು. ಕಾಗವಾಡದವರಿಗೆ ಮ್ಹೈಸಾಳ ದಾಟಿದರೆ ಮಿರಜ ಬಂತು. ರಾಯಬಾಗ, ಚಿಂಚಲಿ, ಕುಡಚಿ, ಉಗಾರ ಖುರ್ದ, ಶೇಡಬಾಳದವರಿಗೆ ನೇರ ರೈಲು ಮಾರ್ಗವೇ ಇದೆ. ಸತಾರ್‌ಮೇಕರ್ ಗಲ್ಲಿ ಎಲ್ಲಿ ಅಂತ ಕೇಳಿದರೆ ದಾರಿ ತೋರಿಸುತ್ತಾರೆ. ಮರಾಠಿಯಲ್ಲಿ ಪರದೆಗೆ 'ಪಡದೆ' ಅಂತಾರೆ.

ಒಯ್ಯುವಾಗ ತಂತಿಗಳನ್ನು ಸ್ವಲ್ಪ ಸಡಿಲ ಮಾಡಿ. ಬುರುಡೆ ಒಣಗಿದ ಕಾಯಿ, ಏಟು ಬಿದ್ದರೆ ಬಿರಿಯುತ್ತದೆ. ಬಸ್ಸಿನ ಮೇಲೆ, ಸೀಟಿನ ಕೆಳಗೆ ಇಡಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ.

ಕೊಡುವ ಮುಂಚೆ ಇಷ್ಟು ಕೇಳಿ

- ಪೂರಾ ಸೆಟ್ ಬದಲಿಸುತ್ತೀರೋ, ಸವೆದವಷ್ಟನ್ನೋ?
- ಹಿತ್ತಾಳೆಯೋ, ಜರ್ಮನ್ ಸಿಲ್ವರೋ?
- ದಾರ, ಹೊಸ ತಂತಿ, ಜವಾರಿ ಕೆಲಸ ಇದೇ ರೇಟಿನಲ್ಲಿ ಸೇರಿದೆಯೋ, ಬೇರೆಯೋ?
- ಎಷ್ಟು ದಿನ ಬೇಕು? ಮುಂಗಡ ಎಷ್ಟು?

ರೇಟು ಬರೆಸಿಕೊಂಡು ಚೀಟಿ ತಗೊಳ್ಳಿ. ಕೊಡುವ ಮುಂಚೆ ವಾದ್ಯದ ನಾಲ್ಕೂ ಬದಿಯ ಫೋಟೊ ತೆಗೆದಿಡಿ. ತರುವಾಗ ಅಂಗಡಿಯಲ್ಲೇ ಕುಳಿತು ಪ್ರತಿ ಪರದೆ ನುಡಿಸಿ ನೋಡಿ. ನುಡಿಸಲು ಬಾರದವರು ಬಲ್ಲವರೊಬ್ಬರನ್ನು ಕರಕೊಂಡು ಹೋಗಬೇಕು.

ಗಿಟಾರ್, ವೀಣೆ ಇದ್ದವರಿಗೆ

ಗಿಟಾರಿನ ಕೆಲಸ ಇದಕ್ಕಿಂತ ಬಿರುಸು. ಅಲ್ಲಿ ಫ್ರೆಟ್ಟನ್ನು ಕಟ್ಟಿಗೆಯ ಸೀಳಿನಲ್ಲಿ ಬಡಿದು ಕೂಡಿಸಿರುತ್ತಾರೆ. ಬಿಸಿ ಮಾಡಿ, ಇಕ್ಕಳದಿಂದ ನಿಧಾನ ಎತ್ತಬೇಕು. ಗಡಿಬಿಡಿ ಮಾಡಿದರೆ ಕಟ್ಟಿಗೆಯ ಚಕ್ಕೆ ಏಳುತ್ತದೆ. ಹೊಸದನ್ನು ಬಡಿದು, ಎಲ್ಲವನ್ನೂ ಒಂದೇ ಮಟ್ಟಕ್ಕೆ ಉಜ್ಜಿ, ಮತ್ತೆ ಒಂದೊಂದರ ನೆತ್ತಿ ಗುಂಡಗೆ ಮಾಡಬೇಕು. ಸೀಳಿನ ಜಾಗ ಮಾತ್ರ ಬದಲಾಗುವುದಿಲ್ಲ. ಅದು ಲೆಕ್ಕ ಹಾಕಿ ಕೊಯ್ದದ್ದು: 650 ಮಿ.ಮೀ. ತಂತಿಗೆ ಮೊದಲ ಫ್ರೆಟ್ ಸುಮಾರು 36.5 ಮಿ.ಮೀ.ಗೆ, 12ನೆಯದು ಸರಿಯಾಗಿ ನಡುವೆ.

ಕಡಿಮೆ ಬೆಲೆಯ ಗಿಟಾರಿಗೆ ಎಲ್ಲ ಫ್ರೆಟ್ ಬದಲಿಸುವ ಖರ್ಚು ಗಿಟಾರಿನ ಬೆಲೆಯನ್ನೇ ಮೀರಬಹುದು. ಮೊದಲು ಕತ್ತು ಬಾಗಿದೆಯೇ ಅಂತ ನೋಡಿಸಿ. ಬಾಗಿದ್ದರೆ ಒಳಗಿನ ಸರಳನ್ನು ತಿರುವಿ ಸರಿ ಮಾಡುವುದರಲ್ಲೇ ಗರಗರ ನಿಲ್ಲಬಹುದು. ಆಮೇಲೂ ಬೇಕಾದರೆ ಮಟ್ಟ ಮಾಡಿಸಿ.

ವೀಣೆಯ 24 ಮೆಟ್ಟುಗಳು ಇದ್ದಿಲು ಪುಡಿ ಕಲಸಿದ ಕಪ್ಪು ಮೇಣದಲ್ಲಿ ಕೂತಿರುತ್ತವೆ. ಮೇಣ ಹಳತಾಗಿ ಮೆಟ್ಟು ಅಲುಗಿದರೆ ಹೊಸ ಮೇಣ ಹಾಕಿ 'ಮೇಳ ಕಟ್ಟುವ' ಕೆಲಸ ಬಲ್ಲವರೇ ಬೇಕು. ಸಿತಾರ್ ಕಟ್ಟುವವರೆಲ್ಲರೂ ಇದನ್ನು ಮಾಡುವುದಿಲ್ಲ. ಮೊದಲೇ ಕೇಳಿಕೊಂಡು ಹೋಗಿ.

ಇವು ಬೇಡ

ಸಡಿಲಾದ ಪರದೆಗೆ ಫೆವಿಕ್ವಿಕ್, ಎಂ-ಸೀಲ್ ಹಾಕಬೇಡಿ. ಮುಂದೆ ಸರಿಸಲೂ ಬರುವುದಿಲ್ಲ, ತೆಗೆಯುವಾಗ ದಾಂಡಿಯ ಪಾಲಿಶ್ ಕಿತ್ತು ಬರುತ್ತದೆ. ಪಾತ್ರೆ ತಿಕ್ಕುವ ತಂತಿ ಜುಂಗಿನಿಂದ ಪರದೆ ಉಜ್ಜಬೇಡಿ. ಸಿಕ್ಕ ಸಿಕ್ಕ ದಪ್ಪ ತಂತಿ ಕಟ್ಟಬೇಡಿ. ವಾದ್ಯದ ಸಾಮಾನು ಮಾರುವ ಅಂಗಡಿಯವರು ತಂತಿ ಕೊಡುವಾಗ ಯಾವ ವಾದ್ಯ, ಎಷ್ಟನೇ ನಂಬರ್ ಅಂತ ಕೇಳಿ ಕೊಟ್ಟರೆ ಗಿರಾಕಿಯ ಪರದೆ ಉಳಿಯುತ್ತದೆ, ಗಿರಾಕಿಯೂ ಉಳಿಯುತ್ತಾನೆ.

ನುಡಿಸಿದ ಮೇಲೆ ತಂತಿ, ಪರದೆ ಎರಡನ್ನೂ ಒಣ ಬಟ್ಟೆಯಿಂದ ಒರೆಸಿ. ಮಳೆಗಾಲದಲ್ಲಿ ಗೋಡೆಗೆ ಒರಗಿಸಿ ಇಡಬೇಡಿ. ತಂತಿಗೆ ತುಕ್ಕು ಕಂಡ ದಿನವೇ ಬದಲಿಸಿ. ಇಷ್ಟು ಮಾಡಿದರೆ ಹೊಸ ಪರದೆ ಬಹಳ ವರ್ಷ ಬಾಳುತ್ತದೆ. ಮನೆಯಲ್ಲಿ ಹಿರಿಯರ ಕಾಲದ ಸಿತಾರ್ ಇದ್ದವರು ಅದನ್ನು ಕೊಟ್ಟುಬಿಡುವ ಮಾತು ಆಡುವ ಮುಂಚೆ ಒಂದು ಹೊಸ ತಂತಿ ತಂದು ಮೇಲಿನ ಐದು ಪರೀಕ್ಷೆ ಮಾಡಿ ನೋಡ್ರಿ.